ಆತಕೂರಿನ ಕಾಳಿ ಮತ್ತು ನಮ್ಮ ಮನೆಯ ನಾಯಿ

ನಮ್ಮನೆ ನಾಯಿ ಸತ್ತಾಗ ಎಲ್ಲಿ ಹೂಳೋದು, ಮೇಲೇನು ಇಡೋದು ಅಂತ ಮಾತು ಬಂತು. ನನಗೆ ನೆನಪಾದದ್ದು ಮದ್ದೂರು ತಾಲ್ಲೂಕಿನ ಆತಕೂರು ಶಾಸನ (ಶಕ 872, ಕ್ರಿ.ಶ. 949-50).

ತಕ್ಕೋಲದ ಯುದ್ಧದ ನಂತರ ಒಡೆಯ ಮೆಚ್ಚಿ 'ಬೇಡಿಕೋ' ಎಂದಾಗ, ಗಂಗ ಬೂತುಗನ ಅನುಚರ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆತ ಚಲ್ಲೇಶ್ವರ ಗುಡಿಯೆದುರು ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಎನ್ನುತ್ತದೆ ಶಾಸನ.

ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಮಣಲೇರನಿಗೆ ಕಲ್ಲೊಂದೇ ಸಾಕೆನಿಸಿರಲಿಲ್ಲ; ದಿನಾ ನೆನೆಯುವವರೂ ಬೇಕಿತ್ತು.

ನಾವು ಕಲ್ಲಿಡಲಿಲ್ಲ. ಹಿತ್ತಲಲ್ಲಿ ಹೂತು, ಮೇಲೊಂದು ದಾಸವಾಳ ನೆಟ್ಟೆವು. ಅದಕ್ಕೆ ನೀರು ಹಾಕದೆ ನನಗೆ ಬೆಳಗಿನ ಕಾಫಿ ಇಲ್ಲ.