ಸೆರಗಿನ ಮರೆಯ ಮಾತು

ನಮ್ಮ ದೊಡ್ಡಮ್ಮ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಏನಾಗಿತ್ತು ಎಂದು ಕೇಳಿದವರಿಗೆಲ್ಲ ಮನೆಯವರು 'ಎದೆನೋವು' ಎಂದೇ ಹೇಳಿದರು. ಬಂದವರು ಹೃದಯದ ಕಾಯಿಲೆ ಇರಬೇಕೆಂದುಕೊಂಡು ನಿಟ್ಟುಸಿರು ಬಿಟ್ಟು ಹೋದರು. ನಿಜ ಸಂಗತಿ ನನಗೆ ತಿಳಿದದ್ದು ಮದುವೆಯಾದ ಮೇಲೆ, ಅದೂ ಅಮ್ಮ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಪಿಸುಮಾತಿನಲ್ಲಿ ಹೇಳಿದಾಗ. ದೊಡ್ಡಮ್ಮನಿಗೆ ಸ್ನಾನ ಮಾಡುವಾಗ ಎಡಗಡೆ ಹುಣಿಸೆಬೀಜದಷ್ಟು ಗಂಟೊಂದು ಕೈಗೆ ಸಿಕ್ಕಿತ್ತಂತೆ. ನೋವಿಲ್ಲದ್ದರಿಂದ ಸುಮ್ಮನಾದರು. ಅದು ನಿಂಬೆಹಣ್ಣಿನಷ್ಟಾದರೂ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡು ಮನೆಗೆಲಸ ಮಾಡಿದರು. ಹುಣ್ಣಾಗಿ ವಾಸನೆ ಬಂದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು. 'ಯಾಕೆ ಹೇಳಲಿಲ್ಲ ಅಕ್ಕ?' ಎಂದು ಅಮ್ಮ ಅತ್ತರೆ, 'ಇದನ್ನ ಯಾರ ಮುಂದೆ ಹೇಳೋದೇ? ಡಾಕ್ಟರೂ ಗಂಡಸೇ ಅಲ್ವೇನೇ?' ಎಂದರಂತೆ.

ನಮ್ಮ ಭಾಷೆಯೇ ನಮಗೆ ಇಲ್ಲಿ ಕೈಕೊಡುತ್ತದೆ. ಮನೆಯಲ್ಲಾಡುವ ಮಾತು ಬಾಯಿಗೆ ಬರುವಾಗ ನಾಚಿಕೆ, 'ಸ್ತನ'ವೆಂದರೆ ಪುಸ್ತಕದ ಮಾತು. ನಡುವೆ ಉಳಿಯುವುದು 'ಎದೆ' ಎಂಬ ಮುಸುಕು. ಹೆಸರೇ ಹೇಳಲಾಗದ ಜಾಗದಲ್ಲಿ ರೋಗ ಬಂದರೆ ಅದು ಎಷ್ಟು ನಿಶ್ಚಿಂತೆಯಾಗಿ ಬೆಳೆಯಬಹುದು! ಈ ರೋಗದ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇದು: ಬೇಗ ಕಂಡುಹಿಡಿಯುವ ಕಥೆ ಬರೀ ಯಂತ್ರಗಳ, ಚಾಕುಗಳ ಕಥೆಯಲ್ಲ. ಬಾಯಿಬಿಟ್ಟು ಮಾತಾಡಿದ ಹೆಂಗಸರ ಕಥೆಯೂ ಹೌದು.

ಅವರಲ್ಲಿ ಮೊದಲು ನೆನಪಾಗುವವಳು ಇಂಗ್ಲೆಂಡಿನ ಕಾದಂಬರಿಗಾರ್ತಿ ಫ್ಯಾನಿ ಬರ್ನಿ. ಫ್ರೆಂಚ್ ಸೇನಾಧಿಕಾರಿಯನ್ನು ಮದುವೆಯಾಗಿ ಪ್ಯಾರಿಸಿನಲ್ಲಿದ್ದ ಆಕೆಗೆ 1810ರಲ್ಲಿ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಮೊದಮೊದಲು ಆಕೆಯೂ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. 1811ರ ಸೆಪ್ಟೆಂಬರ್ 30ರಂದು, ತನ್ನ 59ನೆಯ ವಯಸ್ಸಿನಲ್ಲಿ, ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆಯ ಕೈಗೆ ತನ್ನನ್ನು ಒಪ್ಪಿಸಿಕೊಂಡಳು. ಕಪ್ಪು ಉಡುಪಿನ 7 ಮಂದಿ ಗಂಡಸರು ಮನೆಯೊಳಕ್ಕೆ ಬಂದರು. ಅರಿವಳಿಕೆ ಎಂಬುದು ಯೂರೋಪಿಗೆ ಇನ್ನೂ ಗೊತ್ತಿಲ್ಲದ ಕಾಲ. ಈಥರಿನ ಬಳಕೆ ಜಗತ್ತಿಗೆ ತಿಳಿದದ್ದೇ 1846ರಲ್ಲಿ. ಮುಖದ ಮೇಲೆ ಹಾಸಿದ ತೆಳು ಬಟ್ಟೆಯೊಳಗಿಂದ ಉಕ್ಕಿನ ಹೊಳಪು ಆಕೆಗೆ ಕಾಣುತ್ತಿತ್ತು. ಗಂಡ ನೊಂದುಕೊಂಡಾನೆಂದು ಅವನು ಮನೆಯಲ್ಲಿಲ್ಲದ ಹೊತ್ತಿಗೇ ಎಲ್ಲ ಮುಗಿಯುವಂತೆ ಏರ್ಪಾಟು ಮಾಡಿಕೊಂಡಿದ್ದಳು. ಎಲ್ಲ ದೇಶದ ಹೆಂಗಸರೂ ಒಂದೇ!

ಆಮೇಲೆ ಆಕೆ ಮಾಡಿದ್ದು ದೊಡ್ಡ ಕೆಲಸ. ತಿಂಗಳುಗಟ್ಟಲೆ ಹೆಣಗಾಡಿ, ನಡೆದದ್ದನ್ನೆಲ್ಲ ಬಿಡಿಸಿ ಅಕ್ಕ ಎಸ್ತರಳಿಗೆ ಉದ್ದನೆಯ ಕಾಗದ ಬರೆದಳು. ಅದು ಕ್ಯಾನ್ಸರೇ ಆಗಿತ್ತೆ ಎಂದು ಈಗಿನ ಕೆಲವರು ಅನುಮಾನಪಡುವುದುಂಟು. ಏಕೆಂದರೆ ಆಕೆ ಮುಂದೆ 28 ವರ್ಷ ಬದುಕಿ 1840ರಲ್ಲಿ ತೀರಿಕೊಂಡಳು. ಅದೇನೇ ಇರಲಿ, ಆ ಮೇಜಿನ ಮೇಲೆ ಮಲಗಿದ ಹೆಣ್ಣಿನ ಅನುಭವ ಏನೆಂದು ಲೋಕಕ್ಕೆ ತಿಳಿದದ್ದು ಆ ಕಾಗದದಿಂದ.

ಅರಿವಳಿಕೆ ಬಂದ ಮೇಲೆ ಚಾಕುವಿಗೆ ಧೈರ್ಯ ಹೆಚ್ಚಿತು. ಅಮೆರಿಕದ ಬಾಲ್ಟಿಮೋರಿನ ಡಾ. ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆಗೆ ಅದರ ಕೆಳಗಿನ ಎದೆಯ ಮಾಂಸಖಂಡ, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆದುಹಾಕುತ್ತಿದ್ದರು. ಬದುಕಿದವರಲ್ಲಿ ಎಷ್ಟೋ ಮಂದಿಗೆ ಎದೆ ಗುಳಿಬಿದ್ದು, ತೋಳು ಊದಿಕೊಳ್ಳುತ್ತಿತ್ತು. ವೈದ್ಯನನ್ನು ಬೈದು ಪ್ರಯೋಜನವಿಲ್ಲ. ಆತನ ಬಳಿಗೆ ಬರುತ್ತಿದ್ದವರು ನಮ್ಮ ದೊಡ್ಡಮ್ಮನಂತೆ ಗಂಟು ಬೆಳೆಯುವ ತನಕ ಬಚ್ಚಿಟ್ಟುಕೊಂಡು ಬಂದವರೇ ಹೆಚ್ಚು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು ಎಂಬ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಗಂಟು ಚಿಕ್ಕದಿದ್ದಾಗಲೂ ಕೊಡಲಿಯೇ ಏಕೆ ಎಂದು ಕೇಳುವುದಕ್ಕೆ ಮುಕ್ಕಾಲು ಶತಮಾನ ಹಿಡಿಯಿತು. ಪಿಟ್ಸ್‌ಬರ್ಗಿನ ಡಾ. ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 1971ರಿಂದ ಹಲವು ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ಹೋಲಿಸಿ ನೋಡಿದರು. ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ, ಪೂರ್ತಿ ಸ್ತನವನ್ನು ತೆಗೆದವರಷ್ಟೇ ಕಾಲ ರೋಗಿಗಳು ಬದುಕುತ್ತಾರೆ ಎಂದು 1985ರಲ್ಲಿ ತೋರಿಸಿದರು. ಷರತ್ತು ಒಂದೇ: ಗಂಟು ಚಿಕ್ಕದಿರುವಾಗಲೇ ಸಿಗಬೇಕು.

ಈ ಬದಲಾವಣೆಗೆ ಹೆಂಗಸರ ಒತ್ತಾಯವೂ ಕಾರಣ. ಆಗ ಅಮೆರಿಕದಲ್ಲಿ ಒಂದು ಪದ್ಧತಿಯಿತ್ತು. ಪರೀಕ್ಷೆಗೆಂದು ಪ್ರಜ್ಞೆ ತಪ್ಪಿಸುವುದು, ಗಂಟಿನ ಚೂರು ತೆಗೆದು ನೋಡುವುದು, ಕ್ಯಾನ್ಸರ್ ಎಂದು ಕಂಡರೆ ಅದೇ ಮೇಜಿನ ಮೇಲೆ ಸ್ತನವನ್ನೇ ತೆಗೆದುಬಿಡುವುದು. ಎಚ್ಚರವಾದಾಗ ಹೆಂಗಸು ಮುಟ್ಟಿ ನೋಡಿಕೊಂಡೇ ತಿಳಿಯಬೇಕಿತ್ತು. 1974ರಲ್ಲಿ ತನಗೇ ಗಂಟು ಸಿಕ್ಕ ಪತ್ರಕರ್ತೆ ರೋಸ್ ಕುಶ್ನರ್ ಇದನ್ನು ಒಪ್ಪಲಿಲ್ಲ. 'ಮೊದಲು ಪರೀಕ್ಷೆ ಮಾಡಿ ನನ್ನನ್ನು ಎಬ್ಬಿಸಿ, ಆಮೇಲೆ ನಾನು ತೀರ್ಮಾನಿಸುತ್ತೇನೆ' ಎಂಬುದು ಆಕೆಯ ಹಟ. ಆ ಹಟ ಗೆದ್ದಿತು. 1979ರಲ್ಲಿ ಅಲ್ಲಿನ ತಜ್ಞರ ಸಭೆ ಪರೀಕ್ಷೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಬೇರೆಬೇರೆ ಮಾಡಬೇಕೆಂದು ಸಲಹೆ ಮಾಡಿತು.

ಅದೇ 1974ರ ಸೆಪ್ಟೆಂಬರ್ 28ರಂದು ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಮಾಮೂಲು ತಪಾಸಣೆಯಲ್ಲಿ ಸಿಕ್ಕ ಗಂಟು. ದೊಡ್ಡ ಮನೆತನಗಳು ಮುಚ್ಚಿಡುವುದನ್ನು ಆಕೆ ಪತ್ರಿಕೆಗಳ ಮುಂದೆ ಹೆಸರಿಟ್ಟು ಹೇಳಿದರು. ದೇಶದ ತುಂಬ ಹೆಂಗಸರು ತಪಾಸಣೆಗೆ ಸಾಲುಗಟ್ಟಿದರು. ಕೆಲವೇ ವಾರಗಳಲ್ಲಿ, ಉಪಾಧ್ಯಕ್ಷ ಪದವಿಗೆ ನಾಮನಿರ್ದೇಶನಗೊಂಡಿದ್ದ ರಾಕ್‌ಫೆಲರ್ ಅವರ ಪತ್ನಿಯೂ ತಮ್ಮ ಗಂಟನ್ನು ಕಂಡುಕೊಂಡು ಚಿಕಿತ್ಸೆ ಪಡೆದರು. ಆ ವರ್ಷ ರೋಗಿಗಳ ಲೆಕ್ಕವೇ ಮೇಲೇರಿತು. ರೋಗ ಹೆಚ್ಚಿದ್ದಲ್ಲ, ಮರೆಯಲ್ಲಿದ್ದದ್ದು ಬೆಳಕಿಗೆ ಬಂದದ್ದು.

ಹಾಗಾದರೆ ಪ್ರತಿ ತಿಂಗಳೂ ನಮ್ಮನ್ನು ನಾವೇ ಪರೀಕ್ಷಿಸಿಕೊಂಡರೆ ಸಾಕೇ? ಬಹಳ ಕಾಲ ಹಾಗೆಯೇ ಹೇಳುತ್ತಿದ್ದರು. ಚೀನಾದ ಷಾಂಘೈ ನಗರದ ಬಟ್ಟೆಗಿರಣಿಗಳ 2,66,000ಕ್ಕೂ ಹೆಚ್ಚು ಕೆಲಸಗಾರ್ತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಸ್ವಪರೀಕ್ಷೆಯನ್ನು ಕಲಿಸಿದರು. 2002ರಲ್ಲಿ ಬಂದ ಫಲಿತಾಂಶ ನಿರಾಸೆಯದೇ. ಕಲಿತವರಲ್ಲಿ ಸಾವು ಕಡಿಮೆಯಾಗಲಿಲ್ಲ, ನಿರಪಾಯದ ಗಂಟುಗಳಿಗೆ ಮಾಡಿಸಿಕೊಂಡ ಬಯಾಪ್ಸಿಗಳು ಮಾತ್ರ ಹೆಚ್ಚಾದವು. ಇದರರ್ಥ ನಮ್ಮ ಮೈಯನ್ನು ನಾವು ಮರೆಯಬೇಕೆಂದಲ್ಲ. ತಿಂಗಳ ವ್ರತದಂತೆ ಹೆದರಿಕೊಂಡು ತಡಕುವುದು ಬೇರೆ, ನಮ್ಮ ಮೈ ಹೇಗಿರುತ್ತದೆಂದು ತಿಳಿದಿದ್ದು ಬದಲಾದಾಗ ತೋರಿಸುವುದು ಬೇರೆ.

ನಮ್ಮ ದೇಶಕ್ಕೆ ಒಪ್ಪುವ ದಾರಿಯೊಂದನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಹುಡುಕಿದರು. ಮ್ಯಾಮೊಗ್ರಾಂ ಎಂಬ ಎಕ್ಸ್‌ರೇ ದುಬಾರಿ, ಊರೂರಿಗೆ ಒಯ್ಯುವಂಥದಲ್ಲ. ಆದ್ದರಿಂದ 1998ರಲ್ಲಿ ಅವರು ಹತ್ತನೆಯ ತರಗತಿಯವರೆಗೆ ಓದಿದ ಹೆಂಗಸರಿಗೇ ತರಬೇತಿ ಕೊಟ್ಟು ಮುಂಬಯಿಯ ಕೊಳೆಗೇರಿಗಳಿಗೆ ಕಳಿಸಿದರು. 35ರಿಂದ 64 ವರ್ಷದ 1,51,538 ಮಂದಿ ಈ ಅಧ್ಯಯನಕ್ಕೆ ಸೇರಿದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಈ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 20 ವರ್ಷದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬೆಳೆದ ಹಂತದಲ್ಲಿ ಸಿಕ್ಕ ರೋಗ ಪರೀಕ್ಷೆಯಾದವರಲ್ಲಿ 100ಕ್ಕೆ 37, ಉಳಿದವರಲ್ಲಿ 47. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವಿನ ಇಳಿಕೆ ಖಚಿತವೆನ್ನುವಷ್ಟಿರಲಿಲ್ಲ. ಆದರೆ 50 ದಾಟಿದವರಲ್ಲಿ ಸಾವು ಸುಮಾರು ಶೇಕಡ 30ರಷ್ಟು ಇಳಿದಿತ್ತು. ಯಂತ್ರವಿಲ್ಲ, ದೊಡ್ಡ ಓದಿಲ್ಲ. ಇನ್ನೊಬ್ಬ ಹೆಂಗಸಿನ ಕಲಿತ ಕೈ, ಅಷ್ಟೇ. 'ಡಾಕ್ಟರೂ ಗಂಡಸೇ ಅಲ್ವೇನೇ' ಎಂಬ ದೊಡ್ಡಮ್ಮನ ಮಾತಿಗೆ ಇದು ಉತ್ತರವೆಂದು ನನಗೆ ಅನ್ನಿಸಿತು.

ಈ ಉತ್ತರ ಈಗ ನಮ್ಮ ಊರುಗಳಿಗೂ ಬರಬೇಕಾದದ್ದೇ. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತರಬೇತಾದವರಿಂದ ಸ್ತನ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಾವಾಗಿಯೇ ಹೋಗಿ ಕೇಳದಿದ್ದರೆ ಅದು ಕಾಗದದಲ್ಲೇ ಉಳಿದೀತು. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷ 1,92,000 ಹೆಂಗಸರಿಗೆ ಈ ರೋಗ ಹೊಸದಾಗಿ ಬಂದಿತು.

ಪೂರ್ತಿ ತಡೆಯುವುದು ಯಾರ ಕೈಯಲ್ಲೂ ಇಲ್ಲ. ಮಕ್ಕಳಿಗೆ ಎದೆಹಾಲು ಕುಡಿಸುವುದು, ಮೈ ಬಗ್ಗಿಸಿ ಓಡಾಡುವುದು, ಮುಟ್ಟು ನಿಂತ ಮೇಲೆ ಮೈತೂಕ ಏರದಂತೆ ನೋಡಿಕೊಳ್ಳುವುದು, ಮದ್ಯದಿಂದ ದೂರವಿರುವುದು ಅಪಾಯವನ್ನು ಕೊಂಚ ತಗ್ಗಿಸುತ್ತವೆ. ತಾಯಿ, ಅಕ್ಕತಂಗಿಯರಿಗೆ ಬಂದಿದ್ದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು. ಹೊಸ ಗಂಟು, ಚರ್ಮ ಕಿತ್ತಳೆಸಿಪ್ಪೆಯಂತಾಗುವುದು ಅಥವಾ ಗುಳಿಬೀಳುವುದು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ, ಅದೇ ಸಮಾಧಾನ. ನೋವಿಲ್ಲವೆಂದು ಮಾತ್ರ ಸುಮ್ಮನಿರಬಾರದು. ದೊಡ್ಡಮ್ಮನನ್ನು ಮೋಸಗೊಳಿಸಿದ್ದು ಆ ನೋವಿಲ್ಲದಿರುವಿಕೆಯೇ.

ಕಳೆದ ವರ್ಷ ನನ್ನ ಸೊಸೆ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, 'ಅತ್ತೆ, ನನಗೆ ಇಲ್ಲೊಂದು ಗಂಟು ಸಿಕ್ತಿದೆ, ನೋಡ್ತೀರಾ' ಎಂದಳು. ಅಡಿಗೆಮನೆಯ ಬಾಗಿಲು ತೆರೆದೇ ಇತ್ತು. ಅಂದೇ ಇಬ್ಬರೂ ಆಸ್ಪತ್ರೆಗೆ ಹೋದೆವು. ನಿರಪಾಯದ ಗಂಟೆಂದು ವಾರದಲ್ಲಿ ತಿಳಿಯಿತು. ಆದರೆ ನನಗೆ ಸಮಾಧಾನವಾದದ್ದು ಆ ವರದಿ ಬರುವುದಕ್ಕೂ ಮೊದಲೇ, ಅವಳು ಗಟ್ಟಿದನಿಯಲ್ಲಿ ಆ ಮಾತು ಕೇಳಿದ ಗಳಿಗೆಯಲ್ಲೇ.