ನಕ್ಷತ್ರಿಕನ ವೇಷದಲ್ಲಿ ತಿಪಟೂರಿನ ನರಸಿಂಹರಾಜು
ಕಪ್ಪು-ಬಿಳುಪು ಸ್ಥಿರಚಿತ್ರ, ‘ಸತ್ಯ ಹರಿಶ್ಚಂದ್ರ’, 1965

ವಿಶ್ವಾಮಿತ್ರನ ಸಾಲ ವಸೂಲಿಗೆಂದು ಹರಿಶ್ಚಂದ್ರನ ಬೆನ್ನು ಬಿದ್ದ ಶಿಷ್ಯನೇ ನಕ್ಷತ್ರಿಕ. ಅಷ್ಟು ಕಣ್ಣೀರಿನ ಕಥೆಯಲ್ಲೂ ಜನ ನಕ್ಕದ್ದು ಈ ಪೀಡೆಯಿಂದಲೇ. ವೇಷ ಹಾಕಿದವರು 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಟಿ.ಆರ್. ನರಸಿಂಹರಾಜು.

ಕೊಬ್ಬರಿ ಮಂಡಿಯ ಊರಿನ ಈ ಹುಡುಗ ಬಣ್ಣ ಹಚ್ಚಿದ್ದು ಎಳವೆಯಲ್ಲೇ, ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿಯಲ್ಲಿ. ಮುಂದೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಮೈಕಿಲ್ಲದೆ ಕೊನೆಯ ಸಾಲಿಗೂ ಮಾತು ಮುಟ್ಟಿಸುವುದು, ನಗು ಇಳಿಯುವವರೆಗೆ ಮುಂದಿನ ಮಾತು ತಡೆಹಿಡಿಯುವುದು ಕಂಪನಿ ನಾಟಕದ ಪಾಠ. ತೆರೆಯ ಮೇಲೂ ಅವರನ್ನು ಕಾಪಾಡಿದ್ದು ಅದೇ.

1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿಸಿತು. ನರಸಿಂಹರಾಜು ಸಿನಿಮಾಕ್ಕೆ ಬಂದದ್ದೂ ಅದೇ ಚಿತ್ರದಿಂದ. ಕನ್ನಡ ಚಿತ್ರಗಳ ತಯಾರಿಕೆ ಸೊರಗಿದಾಗ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರಲ್ಲಿ ನಾಟಕವಾಡಿದರು. ಆ ಸಂಘದ ಚಿತ್ರವೇ ‘ರಣಧೀರ ಕಂಠೀರವ’ (1960). ಹಾಸ್ಯನಟನೆಂದರೆ ನಾಯಕನ ಬಾಲವೆಂದುಕೊಂಡವರು ಇದನ್ನು ಗಮನಿಸಬೇಕು.

ಮುಖವನ್ನು ಹತ್ತಿರದಿಂದ ನೋಡಿ. ಆ ಉಬ್ಬುಹಲ್ಲು ಮೇಕಪ್ ಅಲ್ಲ, ಸ್ವಂತದ್ದು. ಬಡಕಲು ಮೈ, ಮುಂದೆ ಬಂದ ಹಲ್ಲು: ನಾಯಕನಾಗಲು ಅಡ್ಡಿ ಎನ್ನಬಹುದಾದ ಎರಡನ್ನೂ ಬಂಡವಾಳ ಮಾಡಿಕೊಂಡರು.

ಕಾಲು ಶತಮಾನದಲ್ಲಿ ನಟಿಸಿದ ಚಿತ್ರಗಳು ಇನ್ನೂರಕ್ಕೂ ಹೆಚ್ಚು. ‘ಪ್ರೊಫೆಸರ್ ಹುಚ್ಚೂರಾಯ’ (1974) ಅವರೇ ನಿರ್ಮಿಸಿದ್ದು. 1979ರಲ್ಲಿ ತೀರಿಕೊಂಡರು.