ಪಿಸ್ತೂಲಿನ ಮೈಬಣ್ಣ ಹೇಳುವ ಇತಿಹಾಸ

ತುಕ್ಕು ಕಬ್ಬಿಣದ ಶತ್ರು ಎಂಬುದು ಎಲ್ಲರಿಗೂ ಗೊತ್ತು. ಆದರೆ ತುಕ್ಕನ್ನು ಬೇಕೆಂದೇ ಹಿಡಿಸಿ, ಅದನ್ನೇ ಕಬ್ಬಿಣದ ರಕ್ಷಾಕವಚವಾಗಿ ಬದಲಾಯಿಸುವ ವಿದ್ಯೆಯೊಂದಿದೆ. ಹಳೆಯ ಬಂದೂಕು, ಪಿಸ್ತೂಲುಗಳಲ್ಲಿ ಕಾಣುವ ಕಡುನೀಲಿ ಮೆರುಗು ಹಲವು ವೇಳೆ ಈ ವಿದ್ಯೆಯ ಫಲ. ಜರ್ಮನಿಯ ಲ್ಯೂಗರ್ ಪಿಸ್ತೂಲು ಇದಕ್ಕೊಂದು ಒಳ್ಳೆಯ ನಿದರ್ಶನ.

ಹ್ಯೂಗೋ ಬೋರ್ಕಾರ್ಟ್ 1893ರಲ್ಲಿ ರೂಪಿಸಿದ ಪಿಸ್ತೂಲನ್ನು ಸುಧಾರಿಸಿ ಗಿಯಾರ್ಗ್ ಲ್ಯೂಗರ್ ಇದನ್ನು ಸಿದ್ಧಪಡಿಸಿದ. ಸ್ವಿಟ್ಜರ್ಲೆಂಡಿನ ಸೇನೆ 1900ರಲ್ಲಿ, ಜರ್ಮನಿಯ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ಇದನ್ನು ಒಪ್ಪಿಕೊಂಡವು. ಬರ್ಲಿನ್ನಿನ ಡಿ.ಡಬ್ಲ್ಯು.ಎಂ. ಕಾರ್ಖಾನೆಯಲ್ಲಿದ್ದ ತಯಾರಿಕೆಯ ಯಂತ್ರಗಳು 1930ರಲ್ಲಿ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಗೆ ಸಾಗಿದವು.

ತುಕ್ಕಿನಿಂದ ನೀಲಿ

ಆರಂಭದ ಲ್ಯೂಗರ್‌ಗಳಿಗೆ ಬಣ್ಣ ಬಂದದ್ದು ಹೀಗೆ: ಉಕ್ಕಿನ ಭಾಗಗಳನ್ನು ಉಜ್ಜಿ, ಜಿಡ್ಡು ತೆಗೆದು, ಆಮ್ಲಯುಕ್ತ ದ್ರಾವಣವನ್ನು ತೆಳುವಾಗಿ ಸವರಿ, ತೇವ ತುಂಬಿದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಡುತ್ತಿದ್ದರು. ಮೇಲ್ಮೈಯಲ್ಲಿ ನವಿರಾದ ಕೆಂಪು ತುಕ್ಕು ಮೂಡುತ್ತಿತ್ತು. ಆಮೇಲೆ ಶುದ್ಧ ನೀರಿನಲ್ಲಿ ಕುದಿಸಿದಾಗ ಆ ಕೆಂಪು ತುಕ್ಕು ಕಪ್ಪು ಮ್ಯಾಗ್ನಟೈಟ್ ಆಗಿ ಮಾರ್ಪಡುತ್ತಿತ್ತು. ಸಡಿಲವಾದ ಪುಡಿಯನ್ನು ಸಣ್ಣ ತಂತಿಯ ಕುಂಚದಿಂದ ಉಜ್ಜಿ ತೆಗೆದು, ಇದೇ ಕ್ರಮವನ್ನು ಹಲವು ಬಾರಿ ಪುನರಾವರ್ತಿಸಿದರೆ ಕಡುನೀಲಿ ಹೊದಿಕೆ ಸಿದ್ಧ.

ಎರಡೂ ಕಬ್ಬಿಣದ ಆಕ್ಸೈಡುಗಳೇ. ಆದರೆ ಕೆಂಪು ತುಕ್ಕು ರಂಧ್ರಮಯ. ತೇವವನ್ನು ಹೀರಿಕೊಂಡು ಒಳಗಿನ ಕಬ್ಬಿಣವನ್ನು ತಿನ್ನುತ್ತಲೇ ಹೋಗುತ್ತದೆ. ಮ್ಯಾಗ್ನಟೈಟ್ ಉಕ್ಕಿಗೆ ಬಿಗಿಯಾಗಿ ಅಂಟಿಕೊಂಡು, ಸವರಿದ ಎಣ್ಣೆಯನ್ನು ಹಿಡಿದಿಡುತ್ತದೆ.

ಹುಲ್ಲಿನ ಬಣ್ಣದ ಕೀಲುಗಳು

ಇದೇ ಪಿಸ್ತೂಲಿನ ಕುದುರೆ, ಸುರಕ್ಷತಾ ಕೀಲು ಮೊದಲಾದ ಸಣ್ಣ ಭಾಗಗಳು ನೀಲಿಯಲ್ಲ. ಒಣಗಿದ ಭತ್ತದ ಹುಲ್ಲಿನಂತೆ ಹೊಂಬಣ್ಣ. ನಮ್ಮ ಕಮ್ಮಾರರು ಕುಡುಗೋಲಿಗೆ ಹದ ಕೊಡುವುದನ್ನು ನೋಡಿದವರಿಗೆ ಈ ಬಣ್ಣದ ಪರಿಚಯವಿರುತ್ತದೆ. ಉಜ್ಜಿದ ಉಕ್ಕನ್ನು ಕಾಯಿಸಿದಾಗ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಬಣ್ಣವೂ, 300 ಡಿಗ್ರಿಯ ಹತ್ತಿರ ನೀಲಿಯೂ ಕಾಣುತ್ತದೆ. ಇಲ್ಲಿ ಆಕ್ಸೈಡ್ ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಪೊರೆಯ ಮೇಲಿನಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಕೂಡಿದಾಗ ಕೆಲವು ಬಣ್ಣಗಳು ಅಳಿದು, ಉಳಿದವು ಕಣ್ಣಿಗೆ ಬೀಳುತ್ತವೆ. ಸಾಬೂನಿನ ಗುಳ್ಳೆಯ ಬಣ್ಣಗಳಿಗೂ ಇದೇ ಕಾರಣ.

1937ರ ಸುಮಾರಿಗೆ ಮೌಸರ್ ಕಾರ್ಖಾನೆ ಈ ಎರಡೂ ಕ್ರಮಗಳನ್ನು ಕೈಬಿಟ್ಟಿತು. ಕ್ಷಾರ ಮತ್ತು ನೈಟ್ರೇಟ್ ಲವಣಗಳ ಬಿಸಿ ದ್ರಾವಣದಲ್ಲಿ ಅದ್ದಿ ತೆಗೆಯುವ ವಿಧಾನ ಬಂದಿತು. ದಿನಗಟ್ಟಲೆಯ ಕೆಲಸ ಗಂಟೆಯೊಳಗೆ ಮುಗಿಯತೊಡಗಿತು. ಸಣ್ಣ ಭಾಗಗಳೂ ನೀಲಿಯಾದವು. ಜರ್ಮನಿ ಯುದ್ಧಕ್ಕೆ ಅಣಿಯಾಗುತ್ತಿದ್ದ ಅವಸರದ ಕಾಲವದು.

ಹೊಸ ಮೆರುಗೋ, ಹಳೆಯ ಸಾಕ್ಷ್ಯವೋ?

ಹೀಗಾಗಿ ಮೈಬಣ್ಣವೇ ಪಿಸ್ತೂಲಿನ ಜನ್ಮಪತ್ರಿಕೆ. 1917ರ ಲ್ಯೂಗರ್‌ನ ಕೀಲುಗಳು ಕಪ್ಪುನೀಲಿಯಾಗಿದ್ದರೆ ಯಾರೋ ಆಮೇಲೆ ಕೈಯಾಡಿಸಿದ್ದಾರೆಂದು ಶಂಕಿಸಬೇಕು. ಹಳೆಯ ಲ್ಯೂಗರ್‌ಗಳ ಪರೀಕ್ಷಾ ಮುದ್ರೆಗಳನ್ನು ಹಲವು ವೇಳೆ ಬಣ್ಣ ಕೊಟ್ಟ ಮೇಲೆ ಒತ್ತುತ್ತಿದ್ದರು. ಆಗ ಆಕ್ಸೈಡ್ ಸಿಡಿದು, ಮುದ್ರೆಯ ಸುತ್ತ ಬೆಳ್ಳನೆಯ ವಲಯ ಉಳಿಯುತ್ತದೆ. ಪಿಸ್ತೂಲನ್ನು ಮತ್ತೆ ಉಜ್ಜಿ ಬಣ್ಣ ಕೊಟ್ಟರೆ ಆ ವಲಯ ಮಾಯ. ಅಂಚುಗಳು ದುಂಡಗಾಗುತ್ತವೆ, ಅಕ್ಷರಗಳು ಸವೆಯುತ್ತವೆ. ಕಳೆದುಹೋದ ಲೋಹ ಮತ್ತೆ ಬರುವುದಿಲ್ಲ.

ಹಾಗಾದರೆ ತುಕ್ಕು ಹಿಡಿದ ಅಪರೂಪದ ಪಿಸ್ತೂಲನ್ನು ಹಾಗೆಯೇ ಬಿಡಬೇಕೆ? ಬೇಕಿಲ್ಲ. ಹಳೆಯ ವಿಧಾನದಲ್ಲೇ ಉಪಾಯವಿದೆ. ಮರದ ಹಿಡಿಯನ್ನು ಕಳಚಿ, ತುಕ್ಕು ತಗುಲಿದ ನೀಲಿ ಭಾಗವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಬಹುಮಟ್ಟಿಗೆ ಕಪ್ಪಾಗುತ್ತದೆ. ಸಡಿಲವಾದುದನ್ನು ಮೃದುವಾಗಿ ತೆಗೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಅಥವಾ ಮೇಣ ಸವರಿದರೆ ಸಾಕು. ಕೊರೆತ ಬಿದ್ದ ಕಲೆ ಉಳಿಯಬಹುದು. ಆದರೆ ತುಕ್ಕಿನ ಮುನ್ನಡೆ ತಡೆಯುತ್ತದೆ, ಕಾರ್ಖಾನೆಯ ಮೂಲ ಹೊದಿಕೆ ಅಳಿಯುವುದಿಲ್ಲ.

ಹಳೆಯ ವಸ್ತುವನ್ನು ಹೊಸದಾಗಿಸುವುದು ಬೇರೆ, ಉಳಿಸುವುದು ಬೇರೆ. ಮೊದಲನೆಯದಕ್ಕೆ ಕೈಚಳಕ ಸಾಕು. ಎರಡನೆಯದಕ್ಕೆ ರಸಾಯನವಿಜ್ಞಾನದ ಅರಿವೂ, ಎಲ್ಲಿ ಕೈ ನಿಲ್ಲಿಸಬೇಕೆಂಬ ವಿವೇಕವೂ ಬೇಕು.